ಸತ್ತ ಸ್ಥಳ, ಕೊಂದ ಸ್ಥಳ

ಕಲಿಸುವವನ ಅಜಾಗರೂಕತೆಗೆ ಕಲಿಯುವವನು ದಂಡ ತೆರುವುದುಂಟು. ನನ್ನಿಂದಲೂ ಒಮ್ಮೆ ಹಾಗಾಯಿತು. ಓದುಗರ ಮುಂದೆ ಅದನ್ನು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ.

ಗೋವೆಯ ಗಡಿಗೆ ತಾಗಿದ ಊರು ನಮ್ಮ ಮಾಜಾಳಿ. 2007ರಲ್ಲಿ ಆರಂಭವಾದ ಕಾರವಾರದ ಸರಕಾರಿ ಇಂಜಿನಿಯರಿಂಗ್ ಕಾಲೇಜು ಇರುವುದು ಇಲ್ಲಿಯೇ. ಹೀಗಾಗಿ ಕಂಪ್ಯೂಟರಿನ ಮಾತು ಮೀನುಗಾರರ ಕೇರಿಗೂ ಹೊಸದಲ್ಲ. ಭಾನುವಾರಗಳಂದು ನಾಲ್ಕಾರು ಹುಡುಗರು ನನ್ನ ಜಗಲಿಯಲ್ಲಿ ಸೇರುತ್ತಾರೆ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಕರ್ನೆಲ್ಲಿನಲ್ಲಿ ದೋಷ ಹುಡುಕುವ ಬಗೆಯನ್ನು ಅವರಿಗೆ ಕಲಿಸುತ್ತೇನೆ. ಯಂತ್ರದ ಮೆಮೊರಿ, ಡಿಸ್ಕು, ಕೀಲಿಮಣೆಗಳನ್ನೆಲ್ಲ ಆಳುವ ತಿರುಳೇ ಕರ್ನೆಲ್. ಸಾಮಾನ್ಯ ಪ್ರೋಗ್ರಾಮು ತಪ್ಪಿದರೆ ಅದೊಂದೇ ನಿಲ್ಲುತ್ತದೆ. ಕರ್ನೆಲ್ ತಪ್ಪಿದರೆ ಇಡೀ ಯಂತ್ರವೇ ಸ್ತಬ್ಧವಾಗಬಹುದು.

ಇಷ್ಟನ್ನು ಹೇಳಿದೆನೇ ಹೊರತು, ಕ್ಯೂಎಮು ಎಂಬ ತಂತ್ರಾಂಶ ಕಲ್ಪಿಸಿಕೊಡುವ ಹುಸಿ ಯಂತ್ರದಲ್ಲಿ ಮಾತ್ರ ಪ್ರಯೋಗ ಮಾಡಿರೆಂದು ಮೊದಲ ದಿನ ಹೇಳಲಿಲ್ಲ. ಒಬ್ಬ ಹುಡುಗ ತನ್ನ ಮೊದಲ ಮಾಡ್ಯೂಲನ್ನು, ಅಪ್ಪ ಮೀನಿನ ಹಂಗಾಮಿನ ಗಳಿಕೆಯಲ್ಲಿ ಕೊಡಿಸಿದ ಲ್ಯಾಪ್‌ಟಾಪಿಗೇ ಏರಿಸಿದ. ಅದು ಕದಲದೆ ನಿಂತಿತು. ಮರಳಿ ಚಾಲೂ ಮಾಡಿದಾಗ ಆ ದಿನ ಬರೆದುದರಲ್ಲಿ ಬಹುಪಾಲು ಹೋಗಿತ್ತು. ಎರಡು ವಾರ ಅವನು ನನ್ನತ್ತ ಸುಳಿಯಲಿಲ್ಲ.

ನಾನೇ ಅವನ ಮನೆಗೆ ಹೋದೆ. ಅಂಗಳದಲ್ಲಿ ಅವನ ಅಪ್ಪ ಹರಿದ ಬಲೆಯನ್ನು ಸರಿಪಡಿಸುತ್ತಿದ್ದರು. “ತಪ್ಪು ನನ್ನದು, ಹುಡುಗನದಲ್ಲ” ಎಂದೆ.

ಅವರು ತಲೆಯೆತ್ತದೆಯೇ ಹೇಳಿದರು: “ಹಾಗಾದರೆ ಮುಂದಿನದನ್ನು ಕಲಿಸಿ, ಮಾಸ್ತರರೇ.”

ಮುಂದಿನ ಭಾನುವಾರ ಹುಸಿ ಯಂತ್ರದಲ್ಲಿ ಅದೇ ಮಾಡ್ಯೂಲನ್ನು ಏರಿಸಿದೆವು. ಕರ್ನೆಲ್ ಎಡವಿ, ‘ಊಪ್ಸ್’ ಎಂದು ಕರೆಯುವ ವರದಿಯನ್ನು ಪರದೆಯ ತುಂಬ ಬರೆಯಿತು. ಹುಡುಗ ನಾಚಿ ಅಳಿಸಹೋದ. ತಡೆದೆ.

“ಇದು ಬೈಗುಳಲ್ಲಪ್ಪ, ಸಾಕ್ಷಿ. ಓದು.”

ಶೂನ್ಯ ವಿಳಾಸವನ್ನು ಮುಟ್ಟಲಾಗಿದೆ, ಅದೂ ಕಡತವನ್ನು ಓದಿಸುವ ಫಂಕ್ಷನ್ನಿನಲ್ಲಿ, ಎಂದು ವರದಿ ಹೇಳುತ್ತಿತ್ತು. ಅಲ್ಲಿಯೇ ತೇಪೆ ಹಾಕಲು ಅವನು ಹೊರಟ. ಸತ್ತ ಸ್ಥಳವೇ ಕೊಂದ ಸ್ಥಳವಾಗಬೇಕಿಲ್ಲವೆಂದು ನೆನಪಿಸಿದೆ. ವಿಳಾಸವನ್ನು ಅಚ್ಚುಮಾಡುವ ಒಂದೊಂದು ಸಾಲನ್ನು ಮಾಡ್ಯೂಲಿನ ಆರಂಭದಲ್ಲಿಯೂ ಓದಿಸುವಲ್ಲಿಯೂ ಸೇರಿಸಿದ. ಆರಂಭದಲ್ಲಿ ವಿಳಾಸವಿತ್ತು, ಓದಿಸುವಾಗ ಶೂನ್ಯ!

ಬಹಳ ಹೊತ್ತು ಅವನು ಮಾತಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕೊನೆಗೆ, “ಸರ್, ಒಂದೇ ಹೆಸರನ್ನು ಎರಡು ಕಡೆ ಇಟ್ಟಿದ್ದೇನೆ! ಒಳಗಿನದಕ್ಕೆ ವಿಳಾಸ ಸಿಕ್ಕಿತು, ಹೊರಗಿನದು ಬರಿದಾಗಿಯೇ ಉಳಿಯಿತು” ಎಂದು ಕೂಗಿದ.

ಈಗ ಹೊಸಬರು ಬಂದಾಗ ಮೊದಲ ಪಾಠ ಅವನದು: ಹುಸಿ ಯಂತ್ರವನ್ನು ಸಿದ್ಧಪಡಿಸುವುದು. ನಾನು ಹಿಂದೆ ಕುಳಿತು ಕೇಳುತ್ತೇನೆ.