ಉಳುಕು ಅನ್ನೋ ಮುಂಚೆ ಬೆರಳಿಟ್ಟು ನೋಡಿ

ನಾಟಿ ಶುರುವಾದ್ರೆ ನಮ್ಮ ಕಡೆ ಕಾಲು ಉಳುಕದ ಮನೆ ಇರಲ್ಲ. ಬದು ಜಾರುತ್ತೆ, ತೋಟದ ಬಸಿಗಾಲುವೆ ದಾಟುವಾಗ ಪಾದ ಮಡಚಿಕೊಳ್ಳುತ್ತೆ. ಆಮೇಲಿಂದು ನಿಮಗೇ ಗೊತ್ತು. ಹುಣಸೆಹಣ್ಣು, ಉಪ್ಪು ಕುದಿಸಿ ಪಟ್ಟು ಹಾಕೋದು, ಎಣ್ಣೆ ಹಚ್ಚಿ ನೀವೋದು, ಎರಡು ದಿನ ಬಿಟ್ಟು ಮತ್ತೆ ಗದ್ದೆಗೆ. ಹೆಚ್ಚಿನ ಸಲ ಅದು ಉಳುಕೇ ಆಗಿರುತ್ತೆ, ವಾಸಿಯೂ ಆಗುತ್ತೆ. ಇವತ್ತು ಬರೀತಿರೋದು ವಾಸಿಯಾಗದೆ ಉಳಿಯೋ ಕೆಲವು ಕಾಲುಗಳ ಬಗ್ಗೆ.

ಹೋದ ವರ್ಷ ನಮ್ಮ ಚಿಕ್ಕಪ್ಪ ಕಾಲುವೇಲಿ ಜಾರಿದ್ರು. ಅದೇ ದಿನ ಎಕ್ಸ್‌ರೇ ಆಯ್ತು. ಮೂಳೆ ಸರಿ ಇದೆ, ಉಳುಕು ಅಷ್ಟೇ ಅಂದ್ರು. ತಿಂಗಳಾದ್ರೂ ಬದುವಿನ ಮೇಲೆ ನಡೆಯೋಕಾಗ್ಲಿಲ್ಲ, ಹಾಲು ಕರೆಯೋಕೆ ಕುಕ್ಕರಗಾಲಲ್ಲಿ ಕೂರೋಕಾಗ್ಲಿಲ್ಲ. ಎರಡು ಹಸು ಮಾರಿದ್ರು. "ವಯಸ್ಸಾಯ್ತು ಬಿಡೋ ಮಗ" ಅಂತಿದ್ರು. ಕೊನೆಗೆ ಬೇರೊಬ್ಬ ಮೂಳೆ ಡಾಕ್ಟರು ಹೊರಗಂಟಿನ ತುದಿಗಿಂತ ಸ್ವಲ್ಪ ಕೆಳಗೆ, ಮುಂದಕ್ಕೆ ಬೆರಳಿಟ್ಟು ಒತ್ತಿದ್ರು. ಚಿಕ್ಕಪ್ಪ ಕೂಗಿಕೊಂಡ್ರು. ಸಿಟಿ ಸ್ಕ್ಯಾನ್‌ನಲ್ಲಿ ತಾಲಸ್ ಮೂಳೆಯ ಹೊರ ಅಂಚು ಮುರಿದಿರೋದು ಕಾಣಿಸ್ತು.

ತಾಲಸ್ ಅಂದ್ರೆ ಕಣಕಾಲಿನ ಮೂಳೆಗೂ ಹಿಮ್ಮಡಿ ಮೂಳೆಗೂ ನಡುವೆ ಕೂತಿರೋದು. ಅಲ್ಲಿ ಎಕ್ಸ್‌ರೇಲಿ ಒಂದು ಮೂಳೆಯ ನೆರಳು ಇನ್ನೊಂದರ ಮೇಲೆ ಬೀಳುತ್ತೆ, ಸಣ್ಣ ಬಿರುಕು ಮರೆಯಾಗುತ್ತೆ. ನೋವಿನ ಜಾಗವೂ ಉಳುಕಿನ ಜಾಗದ ಪಕ್ಕದಲ್ಲೇ. ಹಾಗೇ ಬಿಟ್ರೆ ಕೀಲು ಸವೆದು ನೋವು ಕಾಯಂ ಆಗಬಹುದು.

ಎಕ್ಸ್‌ರೇ ಯಾವಾಗ ಬೇಕು ಅನ್ನೋದಕ್ಕೆ ಕೆನಡಾದ ಆಟವಾ ಊರಿನ ಡಾಕ್ಟರುಗಳು 1992ರಲ್ಲಿ ಒಂದು ನಿಯಮ ಪ್ರಕಟಿಸಿದ್ರು. ಈಗ ಬೇರೆ ದೇಶಗಳಲ್ಲೂ ಬಳಕೇಲಿದೆ. ಗಂಟಿನ ಹತ್ತಿರ ನೋವಿದ್ದು, ಒಳಗಂಟು ಅಥವಾ ಹೊರಗಂಟಿನ ತುದೀಲಿ, ಇಲ್ಲವೇ ಅದರ ಹಿಂಭಾಗದ ಅಂಚಿನಲ್ಲಿ 6 ಸೆಂಟಿಮೀಟರ್ ಮೇಲಿನವರೆಗೆ ಮೂಳೆ ಒತ್ತಿದಾಗ ನೋವಾದ್ರೆ ಎಕ್ಸ್‌ರೇ ಬೇಕು. ಬಿದ್ದ ತಕ್ಷಣವೂ, ಡಾಕ್ಟರು ನೋಡುವಾಗಲೂ ನಾಲ್ಕು ಹೆಜ್ಜೆ ಹಾಕೋಕಾಗದಿದ್ರೂ ಬೇಕು. ಕುಂಟಿಕೊಂಡು ಹಾಕಿದ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತೆ.

ಇನ್ನೆರಡು ಜಾಗ ನೆನಪಿಡಿ. ಕಿರುಬೆರಳಿನಿಂದ ಪಾದದ ಹೊರ ಅಂಚಲ್ಲೇ ಹಿಂದಕ್ಕೆ ಬೆರಳು ಎಳೀತಾ ಬನ್ನಿ. ನಡುವೆ ಒಂದು ಉಬ್ಬು ಸಿಗುತ್ತೆ. ಪಾದ ಒಳಕ್ಕೆ ಮಡಚಿದಾಗ ಅದೂ ಮುರಿಯುತ್ತೆ. ಇನ್ನೊಂದು ಮಂಡಿಯ ಕೆಳಗೆ, ಹೊರಬದಿ. ಪಾದ ತಿರುಚಿದ ಪೆಟ್ಟು ಸಣ್ಣ ಮೂಳೆಯ ಉದ್ದಕ್ಕೂ ಏರಿ ಅಲ್ಲಿ ಮುರೀಬಹುದು. ಗಂಟಿನ ಎಕ್ಸ್‌ರೇಲಿ ಆ ಜಾಗ ಬರೋದೇ ಇಲ್ಲ. ಅಲ್ಲಿ ನೋವಿದ್ರೆ ಬಾಯಿಬಿಟ್ಟು ಹೇಳಿ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ, ಕುಡಿದಿರೋರಿಗೆ ಈ ಪರೀಕ್ಷೆ ನಂಬಬೇಡಿ. ಮುರಿದಿದ್ರೂ ನಡೆದುಬಿಡ್ತಾರೆ. ಪಾದ ಸೊಟ್ಟಗಾಗಿದ್ರೆ, ತಣ್ಣಗಾಗಿದ್ರೆ, ಚರ್ಮ ಹರಿದು ಮೂಳೆ ಕಂಡ್ರೆ ಪರೀಕ್ಷೆ ಮಾಡ್ತಾ ಕೂರದೆ ಗಾಡಿ ಹತ್ತಿಸಿ.

ಎಕ್ಸ್‌ರೇ ಸರಿ ಇದ್ರೂ ವಾರ, ಹತ್ತು ದಿನದಲ್ಲಿ ಕಾಲೂರೋಕಾಗದಿದ್ರೆ ಮತ್ತೆ ಹೋಗಿ. "ಇಲ್ಲೇ ನೋವು" ಅಂತ ಒಂದೇ ಬೆರಳಲ್ಲಿ ತೋರಿಸಿ, ಸ್ಕ್ಯಾನ್ ಬೇಕಾ ಅಂತ ಕೇಳಿ. ಅಲ್ಲೀವರೆಗೆ ನೀವಿಸಬೇಡಿ.

ಕೊನೇದಾಗಿ, ಕೂಲಿಗೆ ಬಂದವರು ನೋವು ಹೇಳಲ್ಲ, ಆ ದಿನದ ದುಡ್ಡು ಹೋಗುತ್ತೆ ಅಂತ. ನಮ್ಮ ಗದ್ದೇಲಿ ಬಿದ್ದವರನ್ನ ಕೂರಿಸಿ ಗಂಟು ಒತ್ತಿ ನೋಡೋದು, ದಿನದ ಕೂಲಿ ಕೊಟ್ಟು ಆಸ್ಪತ್ರೆಗೆ ಕಳಿಸೋದು ನಮ್ಮ ಕೆಲಸ.