ದಕ್ಷಿಣ ಬೆಂಗಳೂರಿನಲ್ಲಿ ಫೋನಿನ ಮರ್ಯಾದೆ

ಬೆಂಗಳೂರಿನ ದಕ್ಷಿಣ ಭಾಗವನ್ನು ನೋಡಹೊರಟವರು ಲಾಲ್‌ಬಾಗನ್ನೂ ಬಸವನಗುಡಿಯ ದೊಡ್ಡ ಬಸವಣ್ಣನನ್ನೂ ನೋಡಿ ಹಿಂದಿರುಗುವುದು ವಾಡಿಕೆ. ಅದರಾಚೆಯ ಬನಶಂಕರಿ, ಜೆ.ಪಿ. ನಗರ, ಜಯನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಪ್ರೇಕ್ಷಣೀಯವಾದುದೇನಿದೆ ಎಂದು ಯಾರಾದರೂ ಕೇಳಬಹುದು. ಅಲ್ಲಿ ಜನರಿರುವರು, ಅವರ ಅಂಗಡಿಬೀದಿಗಳಿರುವುವು, ಆ ಜನರಲ್ಲಿ ಬಹುಮಂದಿಯ ಅಂಗೈಯಲ್ಲಿ ಒಂದೊಂದು ಫೋನಿರುವುದು. ನೂರಾರು ಬಗೆಯ ಫೋನುಗಳು ಮಾರಾಟಕ್ಕಿರಲು, ಜನರು ಕೆಲವನ್ನೇ ಮುಗಿಬಿದ್ದು ಕೊಳ್ಳುವುದೇಕೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಈಚೆಗೆ ಒಂದು ಶುಕ್ರವಾರ ಆ ಕಡೆ ಸುತ್ತಿ ಬಂದೆವು. ಸಂಬಳವನ್ನು ಎಣಿಸಿ ಖರ್ಚು ಮಾಡುವ ಗೃಹಸ್ಥರಿಗೆ ಇದು ಬರಿಯ ಕುತೂಹಲದ ಮಾತಲ್ಲ. ಒಂದು ಫೋನು ಎರಡು ಮೂರು ತಿಂಗಳ ಮನೆ ಬಾಡಿಗೆಯನ್ನು ನುಂಗುವ ಕಾಲವಿದು.

ಮೆಟ್ರೋ ರೈಲಿನಿಂದ ಬನಶಂಕರಿಯಲ್ಲಿ ಇಳಿದಾಗ ರಾಹುಕಾಲ ಸಮೀಪಿಸಿತ್ತು. ಶುಕ್ರವಾರದ ರಾಹುಕಾಲದಲ್ಲಿ ದೇವಿಗೆ ನಿಂಬೆಹಣ್ಣಿನ ದೀಪ ಹಚ್ಚುವ ಹೆಂಗಸರ ಸಾಲು ಗುಡಿಯ ಮುಂದೆ ನೆರೆದಿತ್ತು. ಹೂವು, ನಿಂಬೆಹಣ್ಣು ಮಾರುವವರ ಬುಟ್ಟಿಗಳ ಪಕ್ಕದಲ್ಲೆಲ್ಲ ಚೌಕಳಿಯ ಚಿತ್ರವಿರುವ ಫಲಕಗಳು. ಗಿರಾಕಿಯು ತನ್ನ ಫೋನನ್ನು ಆ ಚಿತ್ರಕ್ಕೆ ತೋರಿಸಿದರೆ ಹಣವು ಬ್ಯಾಂಕಿಗೆ ಸಂದಾಯವಾಗುವುದು; ಇಷ್ಟು ರೂಪಾಯಿ ಬಂದಿತೆಂದು ಪುಟ್ಟ ಪೆಟ್ಟಿಗೆಯೊಂದು ಕನ್ನಡದಲ್ಲಿಯೇ ಕೂಗಿ ಹೇಳುವುದು. ಈ ಯು.ಪಿ.ಐ. ಪದ್ಧತಿ ಪ್ರಾರಂಭವಾದುದು 2016ರಲ್ಲಿ. ಅದೇ ವರುಷ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾದುವು; ಸೆಪ್ಟೆಂಬರಿನಲ್ಲಿ ಬಂದ ಜಿಯೋದಿಂದ ಅಂತರಜಾಲದ ದರ ಕುಸಿದಿತ್ತು. ಎರಡು ವರುಷ ಮೊದಲೇ, 2014ರಲ್ಲಿ, ಚೀನಾದ ಶವೋಮಿಯವರು ಬೆಂಗಳೂರಿನ ಫ್ಲಿಪ್‌ಕಾರ್ಟಿನ ಮೂಲಕ ರೆಡ್‌ಮಿ 1ಎಸ್ ಎಂಬುದನ್ನು 5,999 ರೂಪಾಯಿಗೆ ಮಾರತೊಡಗಿದ್ದರು. ಅಗ್ಗದ ಫೋನು, ಅಗ್ಗದ ಜಾಲ, ಕೈಯಲ್ಲಿ ಇಲ್ಲದ ನೋಟು, ಈ ಮೂರೂ ಕೂಡಿದಾಗ ಫೋನು ಹೂವಿನ ಬುಟ್ಟಿಯನ್ನು ಸೇರಿತು.

ಎರಡು ಮೊಳ ಮಲ್ಲಿಗೆ ಕೊಂಡು, ಆ ಮುದುಕಿಯ ಫೋನು ಯಾವುದೆಂದು ವಿಚಾರಿಸಿದೆವು. ಹೆಸರು ಆಕೆಗೆ ತಿಳಿಯದು.

“ಮಗ ತಂದ್ಕೊಟ್ಟ ಸ್ವಾಮಿ. ಬೆಳಿಗ್ಗೆ ಕರೆಂಟಿಗೆ ಹಾಕಿದ್ರೆ ರಾತ್ರಿಗಂಟ ಬರ್ತದೆ. ಬಿಸಿಲಲ್ಲೂ ಅಕ್ಷರ ಕಾಣ್ತದೆ. ಇನ್ನೇನು ಬೇಕು?”

ಯಾವ ಜಾಹೀರಾತುಗಾರನೂ ಕೆಲಸದ ಫೋನಿನ ಲಕ್ಷಣವನ್ನು ಇದಕ್ಕಿಂತ ಚೊಕ್ಕಟವಾಗಿ ಹೇಳಲಾರನು. 2003ರಲ್ಲಿ ಬಂದ ನೋಕಿಯಾ 1100 ಎಂಬ ಪುಟ್ಟ ಫೋನನ್ನು ಲೋಕದಲ್ಲಿ ಇಪ್ಪತ್ತೈದು ಕೋಟಿಗೂ ಹೆಚ್ಚು ಜನ ಕೊಂಡದ್ದೂ ಇಂಥ ಕಾರಣಗಳಿಂದಲೇ. ಧೂಳು ಹೊಗದ ಗುಂಡಿಗಳು, ತಲೆಯಲ್ಲಿ ಒಂದು ಟಾರ್ಚು. ವಿದ್ಯುತ್ತು ಹೋದ ಮನೆಗಳಲ್ಲಿ ಆ ಟಾರ್ಚಿಗಿದ್ದ ಬೆಲೆ ಮಾತನಾಡುವ ಯಂತ್ರಕ್ಕೂ ಇರಲಿಲ್ಲವೆಂದು ನಮಗೆ ತೋರುತ್ತದೆ. ಆದರೆ ಉಪಯೋಗವೇ ಭಯವಾಗುವುದೂ ಉಂಟು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯು.ಪಿ.ಐ. ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ನಗರದ ಹಲವು ಅಂಗಡಿಗಳಲ್ಲಿ ಫಲಕಗಳು ಮಾಯವಾಗಿ “ನಗದು ಮಾತ್ರ” ಎಂಬ ಚೀಟಿಗಳು ಕಾಣಿಸಿಕೊಂಡಿದ್ದುವು.

ಅಲ್ಲಿಂದ ಆಟೋ ಹಿಡಿದು, ಜೆ.ಪಿ. ನಗರದಲ್ಲಿ ಒಂದು ಕೆಲಸ ಮುಗಿಸಿಕೊಂಡು, ಜಯನಗರದ ಕಡೆಗೆ ತಿರುಗಿದೆವು. ಚಾಲಕನ ಫೋನು ಹಿಡಿಕೆಯ ಪಕ್ಕದ ಕೊಂಡಿಯಲ್ಲಿ ಕುಳಿತಿತ್ತು. ಪರದೆ ದೊಡ್ಡದು, ಗಾಜಿನ ಒಂದು ಮೂಲೆ ಸೀಳಿತ್ತು. 2022ರಲ್ಲಿ ನಮ್ಮ ಯಾತ್ರಿ ಬಂದ ಮೇಲೆ ಸವಾರಿಗಳು ಈ ಪರದೆಯ ಮೇಲೆಯೇ ಬರುವುವೆಂದು ಆತನು ಹೇಳಿದನು. ಇದನ್ನೇ ಏಕೆ ಕೊಂಡಿರೆಂದು ಕೇಳಲು, “ನಮ್ಮ ಸ್ಟ್ಯಾಂಡಿನೋರೆಲ್ಲ ಇದನ್ನೇ ಇಟ್ಟಿರೋದು ಸಾರ್. ಗಾಜು ಒಡೆದ್ರೆ ಮೂಲೆ ಅಂಗಡೀಲಿ ಅರ್ಧ ಗಂಟೇಲಿ ಹಾಕ್ಕೊಡ್ತಾರೆ. ಬೇರೇದು ತಗೊಂಡ್ರೆ ಸಾಮಾನು ತರಿಸಬೇಕು, ಎರಡು ದಿನ ಬಾಡಿಗೆ ಹೋಯ್ತು” ಎಂದನು.

ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ದೊರಕಿತು. ಹತ್ತು ಜನ ಕೊಂಡ ಫೋನಿನ ಗಾಜು, ಬ್ಯಾಟರಿಗಳನ್ನು ರಿಪೇರಿಯವನು ತಂದಿಡುವನು. ಅವು ದೊರೆಯುವುದರಿಂದಲೇ ಹನ್ನೊಂದನೆಯವನೂ ಅದನ್ನೇ ಕೊಳ್ಳುವನು. ನಮ್ಮ ಹಿರಿಯರು ಸೈಕಲ್ಲನ್ನೂ ಹೀಗೆಯೇ ಆರಿಸುತ್ತಿದ್ದರು.

ಉಳಿದರ್ಧಕ್ಕೆ ಜಯನಗರದ ನಾಲ್ಕನೆಯ ಬ್ಲಾಕಿಗೆ ಹೋಗಬೇಕು. ಜಯಚಾಮರಾಜೇಂದ್ರ ಒಡೆಯರ ಹೆಸರಿನ ಈ ಬಡಾವಣೆಯಲ್ಲಿ, ಸಾಲುಮರಗಳ ನಡುವೆ, ಸೀರೆ ಚಿನ್ನಗಳಿಗೆ ಹೆಸರಾದ ಬೀದಿಗಳಲ್ಲಿ ಫೋನಿನ ಮಳಿಗೆಗಳೂ ಕಣ್ಣು ಕೋರೈಸುವಂತೆ ಇರುವುವು. ನಾವು ಹೊಕ್ಕ ಅಂಗಡಿಯಲ್ಲಿ ತಂದೆಯೊಬ್ಬರು ಮಗಳೊಡನೆ ಬಂದಿದ್ದರು. ಹುಡುಗಿಗೆ ಹೊಸದಾಗಿ ಕೆಲಸವಾಗಿತ್ತು. ಆಕೆಯ ಬೆರಳು ಸೇಬಿನ ಗುರುತಿನ ಫೋನಿನ ಮೇಲಿತ್ತು. ತಂದೆಯ ದೃಷ್ಟಿ ಅದರ ಬೆಲೆಯ ಚೀಟಿಯ ಮೇಲಿತ್ತು.

“ಆಫೀಸಿನಲ್ಲಿ ಎಲ್ಲರ ಮೇಜಿನ ಮೇಲೂ ಇದೇ ಇದೆ ಅಪ್ಪಾ.”

“ಮೇಜಿಗೆ ಬೇಕೋ, ನಿನಗೆ ಬೇಕೋ, ಹೇಳಮ್ಮ.”

“ಕಂತು ನಾನೇ ಕಟ್ಟುತ್ತೇನೆ.”

ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂಗಡಿಯವನ ಕಡೆಗೆ ತಿರುಗಿ, “ಇದರಲ್ಲಿ ಕನ್ನಡ ಬರೆಯಲು ಬರುತ್ತದೆಯೇ? ಇವಳ ಅಜ್ಜಿ ಇಂಗ್ಲಿಷು ಓದುವುದಿಲ್ಲ” ಎಂದರು. ಬರುವುದೆಂದು ಅವನು ತೋರಿಸಿದನು. ಈ ಪ್ರಶ್ನೆ ಹತ್ತು ವರುಷಗಳ ಹಿಂದೆ ಎದ್ದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಆಂಡ್ರಾಯ್ಡ್ ಫೋನುಗಳಲ್ಲಿ 2012ರಿಂದ ಕನ್ನಡದ ಅಕ್ಷರಗಳು ನೆಟ್ಟಗೆ ಮೂಡತೊಡಗಿದ್ದುವು. ಆಪಲ್ ಸಂಸ್ಥೆಯವರು ತಮ್ಮ ಫೋನಿನಲ್ಲಿಯೇ ಕನ್ನಡದ ಕೀಲಿಮಣೆಯನ್ನು ಕೊಟ್ಟುದು 2017ರಲ್ಲಿ. ಅದೇ ವರುಷ ಅವರ ಒಂದು ಮಾದರಿಯನ್ನು ನಮ್ಮ ಪೀಣ್ಯದಲ್ಲಿ ಜೋಡಿಸಲು ಪ್ರಾರಂಭವಾಯಿತು. ಅದೇ ವರುಷ ಬಂದ ಐಫೋನ್ ಎಕ್ಸ್ ಎಂಬುದಕ್ಕೆ ಇಲ್ಲಿ 89,000 ರೂಪಾಯಿ ಬೆಲೆಯಾಯಿತು.

ಹುಡುಗಿಯ ಆಸೆಯನ್ನು ಬರಿಯ ಡೌಲೆಂದು ತಳ್ಳಿಬಿಡುವವರ ಮಾತನ್ನು ನಾವು ಒಪ್ಪೆವು. ಎಚ್‌.ಎಂ.ಟಿ.ಯವರು ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿದ ಮೇಲೆ, ಮದುವೆಯ ಗಂಡಿನ ಮಣಿಕಟ್ಟಿನಲ್ಲಿ ಅದಿಲ್ಲದಿದ್ದರೆ ಬೀಗರ ಮನೆಯಲ್ಲಿ ಮುಖ ಬಾಡುತ್ತಿತ್ತು. ಅದು ಗಂಟೆಯನ್ನು ತಿಳಿಯುವುದಕ್ಕಾಗಿ ಮಾತ್ರವೇ? ಹತ್ತು ಜನರ ನಡುವೆ ಹೊಸದಾಗಿ ಕುಳಿತುಕೊಳ್ಳಬೇಕಾದವರಿಗೆ ಕೈಯಲ್ಲಿರುವ ವಸ್ತುವೇ ಮೊದಲ ಪರಿಚಯಪತ್ರ. ವಿಚಾರ ಮಾಡಿ ನೋಡಿದರೆ ಶೋಕಿ ಹುಟ್ಟುವುದೂ ಕೆಲಸದಿಂದಲೇ. 2010ರ ಆಸುಪಾಸಿನಲ್ಲಿ ಬ್ಲ್ಯಾಕ್‌ಬೆರಿ ಎಂಬ ಫೋನು ಮೆರೆಯಿತಷ್ಟೆ. ಗುಂಡಿಗಳ ಮೇಲೆ ಬೇಗ ಬೇಗ ಪತ್ರ ಬರೆಯಲು ಅನುಕೂಲವೆಂದು ಕಚೇರಿಗಳು ಅದನ್ನು ತಮ್ಮ ಅಧಿಕಾರಿಗಳಿಗೆ ಕೊಟ್ಟುವು. ಅಧಿಕಾರಿಗಳ ಕೈಯಲ್ಲಿ ಕಂಡದ್ದರಿಂದ ಅಧಿಕಾರವಿಲ್ಲದವರೂ ಅದನ್ನು ಬಯಸಿದರು. ಪರದೆಯನ್ನೇ ಮುಟ್ಟಿ ಬರೆಯುವ ಫೋನುಗಳು ಮೇಲಾದಾಗ ಕೆಲಸ ಅದನ್ನು ಬಿಟ್ಟಿತು. ಹಿಂದೆಯೇ ಮರ್ಯಾದೆಯೂ ಬಿಟ್ಟಿತು. 2022ರ ಜನವರಿ 4ರಂದು ಆ ಹಳೆಯ ಫೋನುಗಳ ಸೇವೆಯೇ ನಿಂತುಹೋಯಿತು.

ಇನ್ನೊಂದು ವಿನೋದವನ್ನು ಹೇಳಬೇಕು. ಫೋನಿನ ಮುಖವನ್ನು ನೋಡುವವನು ಒಡೆಯ. ಬೆನ್ನನ್ನು ನೋಡುವವರು ಇತರರು. ಆದುದರಿಂದಲೇ ಬಣ್ಣ, ಹೊಳಪು, ಗುರುತುಗಳೆಲ್ಲ ಬೆನ್ನಿಗೆ. ಆದರೆ ಅಷ್ಟು ಹಣ ತೆತ್ತ ಬೆನ್ನು ಬಿದ್ದು ಒಡೆದೀತೆಂಬ ಹೆದರಿಕೆಯಿಂದ ಕೂಡಲೇ ಅದಕ್ಕೊಂದು ಹೊದಿಕೆ! ಮಳಿಗೆಯ ಪಕ್ಕದ ಪುಟ್ಟ ಅಂಗಡಿಯಲ್ಲಿ ಸೇಬಿನ ಗುರುತು ಮಾತ್ರ ಕಾಣುವಂತೆ ದುಂಡಗೆ ಕತ್ತರಿಸಿದ ಹೊದಿಕೆಗಳು ತೂಗಾಡುತ್ತಿದ್ದುವು. ಹುಡುಗಿ ಹೊರಗೆ ಬಂದು ಕೊಂಡುದು ಅದನ್ನೇ. ತಂದೆಯವರು ಅದರ ನೂರೈವತ್ತು ರೂಪಾಯಿಗೆ ಮಾತ್ರ ಚೌಕಾಸಿ ಮಾಡಿದರು.

ಸಂಜೆ ಆರ್.ವಿ. ರಸ್ತೆಯ ನಿಲ್ದಾಣದಿಂದ, 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗದ ರೈಲು ಹತ್ತಿ ಬಿ.ಟಿ.ಎಂ. ಬಡಾವಣೆಗೆ ಹೋದೆವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರಗಳಿಂದಾದ ಹೆಸರು ಅದು. ದೂರದೂರುಗಳಿಂದ ಬಂದ ಯುವಕ ಯುವತಿಯರು ಬಾಡಿಗೆಯ ಕೊಠಡಿಗಳಲ್ಲಿ ತುಂಬಿರುವ ಜಾಗ. ಒಂದು ರಿಪೇರಿಯ ಕಟ್ಟೆಯ ಮುಂದೆ, ಊಟ ತಲುಪಿಸುವ ಹುಡುಗನೊಬ್ಬನು ದೊಡ್ಡ ಚೀಲವನ್ನು ಬೆನ್ನಿನಿಂದ ಇಳಿಸದೆಯೇ ನಿಂತಿದ್ದನು. ಮಳೆಯ ನೀರು ಹೊಕ್ಕು ಫೋನು ಸತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಯಾರೋ ಬಳಸಿ ಬಿಟ್ಟ ಹಳೆಯ ಫೋನುಗಳಿದ್ದುವು. ಕೆಲವಕ್ಕೆ ಸೇಬಿನ ಗುರುತೂ ಇತ್ತು. ರಿಪೇರಿಯವನು ಅವುಗಳಲ್ಲೊಂದನ್ನು ಎತ್ತಿ ತೋರಿಸಲು, ಹುಡುಗನು ಅದನ್ನು ಕೈಯಲ್ಲಿ ತಿರುಗಿಸಿ ಬೆನ್ನನ್ನು ಒಮ್ಮೆ ಸವರಿ ಹಿಂದಕ್ಕೆ ಕೊಟ್ಟನು.

“ಚಾರ್ಜು ಎಷ್ಟು ಹೊತ್ತು ನಿಲ್ತದೆ ಅಣ್ಣಾ?”

“ಮಧ್ಯಾಹ್ನದವರೆಗೆ.”

“ಬೇಡ, ನನ್ನದನ್ನೇ ಒಣಗಿಸಿ ನೋಡಿ. ಎಂಟು ಗಂಟೆಗೆ ಆರ್ಡರು ಶುರುವಾಗ್ತವೆ.”

ಏಳೂಕಾಲು ಆಗಿತ್ತು. ರಿಪೇರಿಯವನು ತಿರುಪುಮೊಳೆಗಳನ್ನು ಬಿಚ್ಚತೊಡಗಿದನು.