ಹದಿನಾರು ರೂಪಾಯಿ

ಚಿಗಳ್ಳಿ
ಭಾನುವಾರ ರಾತ್ರಿ

ಪ್ರೀತಿಯ ತಮ್ಮಾ,

ನೀನು ಅತ್ತು ಫೋನ್ ಇಟ್ಟ ಮೇಲೆ ಮೂರು ದಿನ ನನಗೆ ಊಟ ಸೇರಲಿಲ್ಲ. ಫೋನಿನಲ್ಲಿ ಮಾತಾಡಿದರೆ ಅವ್ವನ ಕಿವಿಗೆ ಬಿದ್ದೀತು. ಅವಳು ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಕಂಪ್ಯೂಟರ್ ಕೋರ್ಸಿನ ಫೀ ಅಂತ ಅವ್ವ ಬೆಂಡೋಲೆ ಅಡವಿಟ್ಟು ಕೊಟ್ಟ ದುಡ್ಡು ಮೊಬೈಲಿನ ರಮ್ಮಿಗೆ ಹೋಯಿತು ಎಂದು ನೀನೇ ಹೇಳಿದೆ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರದವರು ಕಾನೂನು ತಂದಾಗ ನಿನ್ನ ಆಟವೂ ನಿಂತಿತು. ದೇವರ ಮುಂದೆ ಮೊಣಕಾಲೂರಿ ಎಲ್ಲ ಒಪ್ಪಿಕೊಂಡೆ, ಮನಸ್ಸು ಹಗುರಾಯಿತು, ಇನ್ನು ಅವ್ವನಿಗೆ ಯಾಕೆ ಹೇಳಿ ನೋಯಿಸಬೇಕು ಎಂದು ನೀನು ಕೇಳಿದೆ. ನಿನ್ನ ಸಮಾಧಾನ ಸುಳ್ಳು ಅಂತ ನಾನು ಹೇಳಲಾರೆ. ಅದೇ ಸಮಾಧಾನದಲ್ಲಿ ನಾನೂ ಎರಡು ವರ್ಷ ಇದ್ದೆ. ಈ ಮಾತನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ನಮ್ಮೂರ ಡ್ಯಾಮಿನ ಒಡ್ಡು ಒಡೆದ ವರ್ಷ, 2019. ಆಗ ನಮ್ಮ ಉಳಿತಾಯ ಸಂಘದ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಸಭೆಗೆ ಎರಡು ದಿನ ಮೊದಲೇ ಹಿಂದಿನ ಓಣಿಯ ಆಯಿ ಮನೆಗೆ ಬಂದು ಸಾಲದ ಕಂತು 800 ರೂಪಾಯಿ ಕೊಟ್ಟು ಹೋದಳು. ಅವತ್ತೇ ರಾತ್ರಿ ನಿನ್ನ ಅಳಿಯನಿಗೆ ಜ್ವರ ಏರಿತು. ಮುಂಡಗೋಡಕ್ಕೆ ಓಡಿದೆವು, ಆ ದುಡ್ಡು ಔಷಧಕ್ಕೆ ಖರ್ಚಾಯಿತು. ಸಭೆಯಲ್ಲಿ ಹಾಗೇ ಹೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾನು ಹೇಳಲಿಲ್ಲ. ಕಂತು ಬಂದೇ ಇಲ್ಲ ಅನ್ನುವ ಹಾಗೆ ಸುಮ್ಮನಿದ್ದೆ. ಒಂದು ತಿಂಗಳ ಮೇಲೆ ದುಡ್ಡು ಹೊಂದಿಸಿ, ಹೊಂದಿಸಿದ ದಿನದ ತಾರೀಕು ಹಾಕಿ ಜಮಾ ಬರೆದೆ. ನಮ್ಮ ಸಂಘದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು. ತಡವಾದ ತಿಂಗಳಿಗೆ 16 ರೂಪಾಯಿ ಹೆಚ್ಚಿಗೆ ಬಿತ್ತು. ಆಯಿ ಅದನ್ನೂ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ನಾನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು.

ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದೆ, ಅತ್ತೆ, ನಿನ್ನ ಹಾಗೇ ಹಗುರಾದೆ. ಭಾನುವಾರ ಆರಾಧನೆಯಲ್ಲಿ ಎದ್ದು ನಿಂತು ವಾಕ್ಯವನ್ನೂ ಓದಿದೆ.

ನಮ್ಮನ್ನು ಬೆಳೆಸಿದ ರೀತಿಯನ್ನು ಈಗ ನೆನೆಯುತ್ತೇನೆ. ಅವ್ವನ ಬಾಯಲ್ಲಿ ಯಾವಾಗಲೂ ಒಂದೇ ಮಾತು: ‘ಮಂದಿ ನೋಡ್ತಾರ.’ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಆಗಿನಿಂದಲೂ ಈ ಕಡೆಯ ಕ್ರೈಸ್ತ ಮನೆಗಳಿಗೆ ಆ ಮಾತು ಅಂಟಿಕೊಂಡೇ ಬಂದಿರಬೇಕು. ಸಂಖ್ಯೆಯಲ್ಲಿ ಸಣ್ಣವರು ಮಂದಿಯ ಕಣ್ಣಿಗೆ ಅಂಜಿ ನೆಟ್ಟಗಿರುತ್ತಾರೆ. ಅದರಿಂದ ನಮಗೆ ಒಳ್ಳೆಯದೂ ಆಗಿದೆ. ಆದರೆ ಮಂದಿ ನೋಡದ ಕಡೆ ಹೇಗಿರಬೇಕು ಎಂಬುದನ್ನು ನಾವು ಅಷ್ಟು ಕಲಿಯಲಿಲ್ಲ.

ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಎಂದು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಆರನೇ ಅಧ್ಯಾಯದಲ್ಲಿ. ಅದು ನಿನಗೂ ನನಗೂ ಬಹಳ ಹಿಡಿಸಿತು. ಅದಕ್ಕೂ ಮೊದಲು, ಐದನೇ ಅಧ್ಯಾಯದಲ್ಲೇ, ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ನಿನ್ನ ಸಹೋದರನ ಹತ್ತಿರ ಹೋಗು ಎಂದಿದ್ದಾನೆ. ಆ ಬಾಗಿಲನ್ನು ನಾನು ಅಡಗಿಕೊಳ್ಳಲು ಹಾಕಿಕೊಂಡಿದ್ದೆ ತಮ್ಮಾ. ಆಕಾನ ಕದ್ದದ್ದನ್ನು ಡೇರೆಯೊಳಗೆ ಹೂತಿಟ್ಟ ಹಾಗೆ ನಾನು ಪ್ರಾರ್ಥನೆಯೊಳಗೆ ಹೂತಿಟ್ಟೆ.

ಎರಡು ವರ್ಷದ ಮೇಲೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದ ಜಕ್ಕಾಯನ ಭಾಗ ಓದಿದ ಒಂದು ದಿನ ತಡೆಯಲಾಗಲಿಲ್ಲ. ನಾಲ್ಕರಷ್ಟು ಲೆಕ್ಕ ಹಾಕಿ 64 ರೂಪಾಯಿ ಹಿಡಿದುಕೊಂಡು ಆಯಿಯ ಮನೆಗೆ ಹೋದೆ. ಅವಳು ದೀಪನಾಥೇಶ್ವರನ ಗುಡಿಗೆ ಹೋಗಿ ಬಂದು ಕಟ್ಟೆಯ ಮೇಲೆ ಕೂತಿದ್ದಳು. ನಡೆದದ್ದೆಲ್ಲ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆವತ್ತ ಕೊಟ್ಟೇನಿ ಅಂತ ನನಗ ನೆನಪಿತ್ತವ್ವಾ. ನೀ ಬರದಿಲ್ಲ ಅಂದ ಮ್ಯಾಲೆ ನನಗs ಮರವು ಹತ್ತೇತಿ ಅಂದ್ಕೊಂಡೆ. ಅಂದಿನಿಂದ ಒಲಿ ಆರಿಸೇನೋ ಇಲ್ಲೋ, ಬಾಗಲಾ ಹಾಕೇನೋ ಇಲ್ಲೋ ಅಂತ ಎರಡೆರಡು ಸಲ ಎದ್ದು ನೋಡ್ತೀನಿ’ ಅಂದಳು. 16 ರೂಪಾಯಿ ಎಣಿಸಿಕೊಂಡು ಉಳಿದದ್ದನ್ನು ನನ್ನ ಕೈಗೇ ಇಟ್ಟಳು.

ದುಡ್ಡು ತಿರುಗಿ ಕೊಡಬಹುದಿತ್ತು, ಕೊಟ್ಟೆ. ಅವಳು ತನ್ನ ತಲೆಯನ್ನೇ ನಂಬದೆ ಕಳೆದ ಎರಡು ವರ್ಷವನ್ನು ಯಾವ ನಾಲ್ಕರಷ್ಟಿನಲ್ಲಿ ಕೊಡಲಿ? ನಾನು ಕ್ಷಮೆ ಸಿಕ್ಕಿತೆಂದು ಹಾಡುತ್ತಿದ್ದಾಗ ನನ್ನ ಪಾಪ ಅವಳ ಮನೆಯಲ್ಲಿ ಬದುಕಿತ್ತು. ಸಂಘದಲ್ಲೂ ಹೇಳಿದೆ. ಕೆಲವರು ಇರಲಿ ಬಿಡು ಅಂದರು, ಕೆಲವರು ಪುಸ್ತಕ ಬೇರೆಯವರಿಗೆ ಕೊಡು ಅಂದರು. ಕೊಟ್ಟೆ. ಅದು ನ್ಯಾಯವೇ.

ಈಗ ಅವ್ವನ ಮಾತು ಕೇಳು. ಅಷ್ಟು ಓದಿದರೂ ಮಗನಿಗೆ ಚಲೋ ನೌಕರಿ ಯಾಕೆ ಸಿಗಲಿಲ್ಲ ಎಂದು ಯಾರಾದರೂ ಕೇಳಿದರೆ, ‘ನಾನs ಅಗ್ಗದ ಕೋರ್ಸಿಗೆ ಹಚ್ಚಿದೆ, ಇನ್ನಷ್ಟು ರೊಕ್ಕಾ ಹೊಂದಿಸಬೇಕಿತ್ತು’ ಅನ್ನುತ್ತಾಳೆ. ಮೊನ್ನೆಯೂ ಅಂದಳು. ನಾನು ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದೆ.

ನಿನ್ನ ಬದಲು ನಾನು ಹೇಳುವುದಿಲ್ಲ. ಅವ್ವ ನನ್ನನ್ನೇ ಕೇಳಿದರೆ ಸುಳ್ಳನ್ನೂ ಹೇಳುವುದಿಲ್ಲ. ಬೆಂಡೋಲೆ ಬಿಡಿಸಲು ಒಂದಿಷ್ಟು ಕೂಡಿಟ್ಟಿದ್ದೇನೆ, ಉಳಿದದ್ದನ್ನು ಇಬ್ಬರೂ ದುಡಿಯೋಣ. ಶನಿವಾರ ಕೆಲಸ ಮುಗಿಸಿ ಮುಂಡಗೋಡದ ಬಸ್ಸು ಹತ್ತು, ನಿಮ್ಮ ಮಾವ ಗಾಡಿ ತಂದು ಕರೆದುಕೊಂಡು ಬರುತ್ತಾರೆ. ಅವ್ವ ಬೈಯಬಹುದು, ಎರಡು ದಿನ ಮಾತು ಬಿಡಬಹುದು. ನಾನು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ.

ನಿನ್ನ
ಅಕ್ಕ